ರೋಮ್‌ನಲ್ಲಿ ಹದಿನೆಂಟು ನಿಮಿಷ

ಇಪ್ಪತ್ತಾರು ವರ್ಷ ನಾನು ಜನರನ್ನು ಇಟಲಿಯಲ್ಲಿ ಒಂದು ರೈಲಿನಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸಿದೆ. ಅಷ್ಟೂ ವರ್ಷ ಇಟಲಿಯನ್ನು ಕಣ್ಣಿನಿಂದ ನೋಡಿರಲಿಲ್ಲ. ಯಾರಾದರೂ ಕೇಳಿದರೆ, ನೋಡಿದ್ದೇನೆ ಎನ್ನುತ್ತಿದ್ದೆ.

ಪ್ರವಾಸದ ವೇಳಾಪಟ್ಟಿ ಮಾಡಿಕೊಡುವ ಕೆಲಸಕ್ಕೆ ಈಗ ಹೊಸದಾಗಿ ಬರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ಫೋನ್ ಮಾಡಿ, "ಅಂಕಲ್, ಇಟಲಿಗೆ ಏನಾದ್ರೂ ಟಿಪ್ಸ್ ಇದ್ರೆ ಹೇಳಿ" ಎನ್ನುತ್ತಾರೆ. ಹೇಳಬೇಕಾದ ಮೊದಲನೆಯ ಮಾತು ಮೇಲೆ ಬರೆದಿರುವುದೇ. ಉಳಿದದ್ದು ಅದರಿಂದ ಹುಟ್ಟಿದ್ದು.

ನಾನು ಅರಸೀಕೆರೆಯವನು. ಪಿಯುಸಿಗೆ ಓದು ನಿಂತಿತು. ಅಕ್ಕ ಕರೆಸಿಕೊಂಡಿದ್ದರಿಂದ ಶಿಕಾಗೊಗೆ ಬಂದು, ಡೆವನ್ ಅವೆನ್ಯೂದ ಒಂದು ದಿನಸಿ ಅಂಗಡಿಯಲ್ಲಿ ಬೇಳೆ ಮೂಟೆ ಎತ್ತಿಟ್ಟುಕೊಂಡಿದ್ದೆ. ಮೂರು ಬಾಗಿಲು ಆಚೆಗೆ ಒಂದು ಟ್ರಾವೆಲ್ಸ್ ಅಂಗಡಿ. ಮಾಲೀಕರು ಕಲಬುರಗಿಯ ಇಕ್ಬಾಲ್ ಸಾಹೇಬರು. ನಾನು ಜಂಕ್ಷನ್ ಊರಿನವನು ಎಂದು ತಿಳಿದ ದಿನವೇ ಅವರು ನನ್ನನ್ನು ಕೌಂಟರಿಗೆ ಕೂರಿಸಿದರು. "ರೈಲಿನ ಹೊಗಿ ಕುಡದ ಬೆಳದಂವ, ಇವಂಗ ಟೈಂ ಟೇಬಲ್ ಓದಾಕ ಬರ್ತದ" ಎಂಬುದೇ ನನ್ನ ಇಂಟರ್‌ವ್ಯೂ.

ಓದಲು ಬರುತ್ತಿತ್ತು, ನಿಜ. ಆಗ ಯೂರೋಪಿನ ರೈಲುಗಳಿಗೆಲ್ಲ ಸೇರಿ ದಪ್ಪನೆಯ ಒಂದು ಪುಸ್ತಕ ಬರುತ್ತಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದನ್ನು ಹರಡಿಕೊಂಡು ಬೆರಳಿಟ್ಟು ಊರು ಊರು ಇಳಿಯುತ್ತಿದ್ದೆ. ಬೊಲೋನ್ಯಾ, ಫ್ಲಾರೆನ್ಸ್, ಪೀಸಾ, ಲಾ ಸ್ಪೆಜಿಯಾ. ಯಾವ ರೈಲು ಯಾವುದಕ್ಕೆ ಕಾಯುತ್ತದೆ, ಯಾವುದು ಭಾನುವಾರ ಇಲ್ಲ, ಎಲ್ಲ ಬಾಯಿಗೆ ಬಂತು. ಹೋಗಿ ನೋಡಬೇಕು ಅನ್ನಿಸಲಿಲ್ಲ. ಅಂಕಿ ಗೊತ್ತಿದ್ದರೆ ಊರೇ ಗೊತ್ತಿದ್ದಂತೆ ಎಂದುಕೊಂಡಿದ್ದೆ.

ಸುಳ್ಳು ಶುರುವಾದದ್ದು ಒಬ್ಬ ಡಾಕ್ಟರರಿಂದ. ಅವರು ಕೌಂಟರಿನ ಮುಂದೆ ನಿಂತು, "ನೀವು ಹೋಗಿದೀರಾ?" ಎಂದು ಕೇಳಿದರು. ನಾನು ಇಲ್ಲವೆಂದೆ. ಅವರು ನಗುತ್ತ ಪಕ್ಕದ ಅಂಗಡಿಗೆ ಹೋದರು. ಅಂದು ಸಾಹೇಬರು ನನ್ನನ್ನು ಒಳಗೆ ಕರೆದು ಹೇಳಿದರು:

"ಏನಪಾ ನಾಗರಾಜ, ಹೋಗಿದ್ದಿ ಏನ್ ಅಂತ ಕೇಳಿದ್ರ ಹೌದ್ ಅನ್ನು. ಔಷಧ ಕೊಡಾಕ ಡಾಕ್ಟರ್ ತಾನೂ ಜಡ್ಡ ಬೀಳ್ತಾನೇನು?"

ಮುಂದಿನ ಗಿರಾಕಿಗೆ "ಎರಡು ಸಲ" ಎಂದೆ. ಮೂರನೆಯವರಿಗೆ ನಾಲ್ಕು ಸಲ ಆಯಿತು. ಡೆಟ್ರಾಯಿಟ್ ಕಡೆಯಿಂದಲೂ ಕನ್ನಡದ ಕುಟುಂಬಗಳು ಫೋನ್ ಮಾಡತೊಡಗಿದವು. ಇಟಲಿ ನಾಗರಾಜ್ ಎಂದೇ ಹೆಸರಾಯಿತು. ಅಂಗಡಿಯಲ್ಲಿ ನನಗೆ ಮೇಜು, ಮೇಜಿಗೆ ಗಾಜು, ಗಾಜಿನ ಕೆಳಗೆ ಇಟಲಿಯ ನಕ್ಷೆ.

ತಪ್ಪುಗಳು ಆಗುತ್ತಲೇ ಇದ್ದವು. ಮಿಶಿಗನ್‌ನ ಕ್ಯಾಂಟನ್ ಊರಿನ ಒಬ್ಬರು ವೆನಿಸ್‌ನಿಂದ ಫೋನ್ ಮಾಡಿ, "ಅಂಕಲ್, ವೆನಿಸ್ ಅಂತ ಇಳಿದ್ವಿ. ನೀರೇ ಇಲ್ಲ, ಬರೀ ಬಸ್ ಸ್ಟ್ಯಾಂಡು!" ಎಂದರು. ನೀರಿನ ವೆನಿಸ್‌ಗೆ ಇನ್ನೊಂದು ಸ್ಟೇಷನ್ ಮುಂದೆ ಹೋಗಬೇಕು. ಹೆಸರಿನಲ್ಲಿ ವೆನಿಸ್ ಎಂದು ಮೊದಲು ಬರುವುದು ನೆಲದ ಮೇಲಿನ ಊರು. ನಾನು ಹೇಳಿರಲಿಲ್ಲ, ಏಕೆಂದರೆ ಪುಸ್ತಕದಲ್ಲಿ ನೀರು ಕಾಣುವುದಿಲ್ಲ. ಇನ್ನೊಂದು ಕುಟುಂಬ ಲೋಕಲ್ ರೈಲಿನ ಟಿಕೆಟ್ಟನ್ನು ಪ್ಲಾಟ್‌ಫಾರಂನ ಯಂತ್ರದಲ್ಲಿ ಹೊತ್ತಿನ ಮುದ್ರೆ ಒತ್ತಿಸದೆ ಹತ್ತಿ ದಂಡ ಕಟ್ಟಿತು. "ಆ ಟಿಕೆಟ್ ಕಲೆಕ್ಟರ್ ಸರಿ ಇಲ್ಲ, ಟೂರಿಸ್ಟ್‌ಗಳನ್ನ ಹಿಡಿಯೋದೇ ಅವನ ಕೆಲಸ" ಎಂದು ನಾನು ಅವರನ್ನು ಸಮಾಧಾನ ಮಾಡಿದೆ. ಆ ಮನುಷ್ಯ ಯಾರೋ, ತನ್ನ ಕೆಲಸ ಸರಿಯಾಗಿ ಮಾಡಿದ್ದ.

ಲೋಕಲ್ ರೈಲು ಎಂದಾಗ ನೆನಪಾಯಿತು. ನಮ್ಮ ಜನಕ್ಕೆ ಅದೊಂದು ಅವಮಾನ. "ಏನ್ ಸಾರ್, ನಮ್ಮನ್ನ ಪ್ಯಾಸೆಂಜರ್ ಗಾಡೀಲಿ ಕೂರಿಸ್ತೀರಾ? ಸೀಟ್ ನಂಬರ್ ಇಲ್ವಾ?" ಎಂದು ಮುಖ ಕೆಡಿಸುತ್ತಿದ್ದರು. ಕಾದಿರಿಸಿದ ಸೀಟು, ಬೋಗಿ ಸಂಖ್ಯೆ, ಮುದ್ರಿಸಿದ ಹೆಸರು ಇದ್ದರೆ ಮಾತ್ರ ಟಿಕೆಟ್ ಎಂದು ನಾವೆಲ್ಲ ಹುಟ್ಟಿನಿಂದ ನಂಬಿದವರು. ನಾನೂ ಅವರ ಮನಸ್ಸು ಹಿಡಿದು, ಸಾಧ್ಯವಿದ್ದಲ್ಲೆಲ್ಲ ವೇಗದ ರೈಲನ್ನೇ ಹಾಕುತ್ತಿದ್ದೆ. ಈಗ ಕೇಳಿ, ಮಕ್ಕಳೇ. ಅಲ್ಲಿ ವೇಗದ ರೈಲಿನ ಟಿಕೆಟ್ ಆ ಒಂದು ರೈಲಿಗೆ ಕಟ್ಟಿದ್ದು. ತಪ್ಪಿಸಿಕೊಂಡರೆ ಕೈಯಲ್ಲಿ ಉಳಿಯುವುದು ಬರೀ ಕಾಗದ. ಲೋಕಲ್‌ನಲ್ಲಿ ಸೀಟಿನ ಭರವಸೆ ಇಲ್ಲ, ನಿಜ. ಆದರೆ ಇದು ತಪ್ಪಿದರೆ ಮುಂದಿನದು. ಸಣ್ಣ ಸ್ಟೇಷನ್ನುಗಳಲ್ಲೂ ನಿಲ್ಲುತ್ತದೆ. ಹಡಗು, ವಿಮಾನ, ಮುಹೂರ್ತ ಏನಾದರೂ ಮುಂದೆ ಕಾಯುತ್ತಿದ್ದರೆ ಕೊನೆಯ ತುಂಡನ್ನು ಲೋಕಲ್‌ನಲ್ಲಿ ಇಡಿ, ಮತ್ತು ಅದಕ್ಕೆ ಮುಂಚೆ ಧಾರಾಳವಾಗಿ ಹೊತ್ತು ಬಿಡಿ. ನಾನು ಇದರ ಮೊದಲನೆಯ ಭಾಗ ಮಾಡಿದೆ, ಎರಡನೆಯದು ಮಾಡಲಿಲ್ಲ. ಆ ಕಥೆಯನ್ನು ಹೇಳಲೆಂದೇ ಕೂತಿದ್ದೇನೆ.

ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನ ಪದ್ಮಾವತಮ್ಮ ಮತ್ತು ಅವರ ಯಜಮಾನರು ಶೇಷಾದ್ರಿ. ಶೇಷಾದ್ರಿಯವರು ಕಾರಿನ ಬಿಡಿಭಾಗಗಳು ಯಾಕೆ ಮುರಿಯುತ್ತವೆ ಎಂದು ಹುಡುಕುವ ಎಂಜಿನಿಯರು, ಮಾತು ಕಡಿಮೆ. ಅವರಿಗೆ ಅರವತ್ತು ತುಂಬುವ ವರ್ಷ ಷಷ್ಟ್ಯಬ್ದಿಯನ್ನು ಹಡಗಿನಲ್ಲಿ ಮಾಡುವುದೆಂದು ಮಗ, ಸೊಸೆ ಸುಮಾ ನಿರ್ಧರಿಸಿದ್ದರು. ಒಟ್ಟು ಒಂಬತ್ತು ಜನ. ಫ್ಲಾರೆನ್ಸ್‌ನಿಂದ ರೋಮ್‌ಗೆ ವೇಗದ ರೈಲು, ರೋಮ್‌ನ ದೊಡ್ಡ ಸ್ಟೇಷನ್ ಟರ್ಮಿನಿಯಲ್ಲಿ ಇಳಿದು ಚಿವಿಟಾವೆಕ್ಕಿಯಾ ಎಂಬ ಬಂದರಿಗೆ ಲೋಕಲ್. ಅಲ್ಲಿಂದ ಶುಕ್ರವಾರ ಸಂಜೆ ಹಡಗು. ಮರುದಿನ ಬೆಳಗ್ಗೆ ಸಮುದ್ರದ ಮೇಲೆ ಮತ್ತೊಮ್ಮೆ ತಾಳಿ ಕಟ್ಟಬೇಕು. ಪುರೋಹಿತರು ಮಂತ್ರಗಳನ್ನು ಧ್ವನಿಮುದ್ರಿಸಿ ಕೊಟ್ಟಿದ್ದರು. ಹೊಸ ತಾಳಿ ಪದ್ಮಾವತಮ್ಮನ ಕೈಚೀಲದಲ್ಲಿತ್ತು.

ನಾನು ಮೊದಲು ಬರೆದದ್ದು ಹನ್ನೊಂದು ಗಂಟೆಯ ರೈಲು. ಪದ್ಮಾವತಮ್ಮ ಫೋನ್ ಮಾಡಿದರು.

"ನಾಗರಾಜ್ ಅವರೇ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ತಾಳಿ ಇಟ್ಕೊಂಡು ಆ ಹೊತ್ನಲ್ಲಿ ಹೋಟೆಲ್ ಬಿಟ್ಟು ಹೊರಡೋದು ಹೇಗೆ?"

ಕಷ್ಟ ಎನ್ನಬೇಕಿತ್ತು. ಗಿರಾಕಿಗೆ ಇಲ್ಲವೆನ್ನುವ ಅಭ್ಯಾಸ ನನಗಿರಲಿಲ್ಲ. ಹನ್ನೆರಡರ ನಂತರದ ರೈಲಿಗೆ ಬದಲಾಯಿಸಿದೆ. ಆಗ ಟರ್ಮಿನಿಯಲ್ಲಿ ಉಳಿದದ್ದು ಹದಿನೆಂಟು ನಿಮಿಷ. ಲೋಕಲ್ ಹೊರಡುವುದು ಇಪ್ಪತ್ತೇಳನೆಯ ಪ್ಲಾಟ್‌ಫಾರಂನಿಂದ. ಅರಸೀಕೆರೆಯಲ್ಲಿ ಎರಡರ ಪಕ್ಕ ಮೂರು. ಟರ್ಮಿನಿಯಲ್ಲೂ ಇಪ್ಪತ್ನಾಲ್ಕರ ಪಕ್ಕ ಇಪ್ಪತ್ತೈದು ತಾನೇ, ಎಂದುಕೊಂಡೆ.

"ಮಂಡಿನೋವು ನನಗೆ. ದೂರ ನಡೀಬೇಕಾ?" ಎಂದು ಪದ್ಮಾವತಮ್ಮ ಕೇಳಿದರು.

"ನಾನೇ ನಡೆದಿದೀನಲ್ಲಮ್ಮ, ನಾಲ್ಕು ಹೆಜ್ಜೆ" ಎಂದೆ.

ಆ ಶುಕ್ರವಾರ ಶಿಕಾಗೊದಲ್ಲಿ ಬೆಳಗ್ಗೆ ಏಳು ಗಂಟೆ. ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಸುಮಾ ಫೋನ್.

"ಅಂಕಲ್, ಇಪ್ಪತ್ನಾಲ್ಕು ಇದೆ. ಅದಾದ್ಮೇಲೆ ಗೋಡೆ! ಇಪ್ಪತ್ತೇಳು ಎಲ್ಲಿ?"

"ಪಕ್ಕದಲ್ಲೇ ಇರ್ಬೇಕಲ್ಲಮ್ಮ."

"ಇಲ್ಲ ಅಂತಿದೀನಿ. ನೀವು ನೋಡಿದೀರಲ್ಲ, ಯಾವ ಕಡೆ ಹೋಗ್ಬೇಕು ಬೇಗ ಹೇಳಿ!"

ಗೊತ್ತಿಲ್ಲ ಎಂದಿದ್ದರೆ ಅವರು ಪಕ್ಕದಲ್ಲಿ ನಿಂತ ಯಾರನ್ನಾದರೂ ಕೇಳುತ್ತಿದ್ದರು. ನಾನು "ನೇರ ಮುಂದೆ" ಎಂದೆ. ಮುಂದೆ ಇದ್ದದ್ದು ಬಸ್ಸುಗಳ ಚೌಕ. ಇಪ್ಪತ್ತೇಳಕ್ಕೆ ಹೋಗಬೇಕಾದ ದಾರಿ ಹಿಂದಕ್ಕೆ, ಬಂದ ಹಳಿಯ ಪಕ್ಕದಲ್ಲೇ ಉದ್ದಕ್ಕೆ. ಆರೋಗ್ಯವಂತರಿಗೇ ಹತ್ತು ನಿಮಿಷದ ನಡಿಗೆ. ಹನ್ನೊಂದು ಸೂಟ್‌ಕೇಸು, ಒಂದು ಜೊತೆ ಕೆಟ್ಟ ಮಂಡಿ, ಒಂಬತ್ತು ವರ್ಷದ ಮೊಮ್ಮಗಳು. ಆ ಲೋಕಲ್ ಹೋಯಿತು. ಮುಂದಿನದರಲ್ಲಿ ಬಂದರು ಮುಟ್ಟುವಾಗ ಹಡಗಿನ ಗೇಟು ಮುಚ್ಚಿತ್ತು. ಪದ್ಮಾವತಮ್ಮ ಮರುದಿನ ಬಂದರಿನ ಎದುರಿನ ಹೋಟೆಲ್ ರೂಮಿನಲ್ಲಿ, ಇಸ್ತ್ರಿ ಮೇಜನ್ನು ಗೋಡೆಗೆ ಒರಗಿಸಿ ಜಾಗ ಮಾಡಿಕೊಂಡು, ತಾಳಿ ಕಟ್ಟಿಸಿಕೊಂಡರು.

ಸೋಮವಾರ ಇಕ್ಬಾಲ್ ಸಾಹೇಬರು ಬಾಗಿಲಲ್ಲೇ ಹಿಡಿದರು. "ಹದಿನೆಂಟ್ ಮಿನಿಟ್ ಯಾರ್ ಹಾಕ್ಯಾರ?"

ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದವರು ಗೀತಾ. ಮೈಸೂರಿನವರು, ಐವತ್ತರ ಹತ್ತಿರದವರು, ಮಕ್ಕಳು ಕಾಲೇಜು ಸೇರಿದ ಮೇಲೆ ಕೆಲಸಕ್ಕೆ ಬಂದಿದ್ದರು. ನಾನು ಕೈಯಲ್ಲಿ ಬರೆದ ಪಟ್ಟಿಗಳನ್ನು ಅವರು ಕಂಪ್ಯೂಟರಿನಲ್ಲಿ ಅಚ್ಚುಕಟ್ಟು ಮಾಡುತ್ತಿದ್ದರು. ಕೇಳದೆಯೇ ನನ್ನ ಅರ್ಧ ತಪ್ಪುಗಳನ್ನು ತಿದ್ದುತ್ತಿದ್ದರು ಕೂಡ.

"ನಾನು ಹನ್ನೆರಡಾದ ಮೇಲಿನ ಮೊದಲ ರೈಲೇ ಬರೆದಿದ್ದೆ. ಗೀತಾ ಟೈಪ್ ಮಾಡುವಾಗ ಒಂದು ಸಾಲು ಕೆಳಗೆ…" ಎಂದೆ.

ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯ ಬೀಳಲಿಲ್ಲ. ಗೀತಾ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದರು. ಅಂದು ಸಂಜೆಯೇ ಅವರ ಕೆಲಸ ಹೋಯಿತು. ಸಾಹೇಬರು ಪದ್ಮಾವತಮ್ಮನಿಗೆ ಫೋನ್ ಮಾಡಿ ತಪ್ಪು ಯಾರದೆಂದು ಹೆಸರು ಹಿಡಿದು ಹೇಳಿ ಕ್ಷಮೆ ಕೇಳಿದರು. ನಾನು ಇನ್ನೂ ಆರು ವರ್ಷ ಅದೇ ಗಾಜಿನ ಮೇಜಿನಲ್ಲಿ ಕೂತೆ.

ಆ ಆರು ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ದಪ್ಪ ಪುಸ್ತಕ ಹೋಯಿತು, ವೆಬ್‌ಸೈಟ್ ಬಂತು, ಆಮೇಲೆ ಎಲ್ಲರ ಕೈಗೂ ಆ್ಯಪ್ ಬಂತು. ಟರ್ಮಿನಿಯಲ್ಲಿ ಬದಲಾಯಿಸಬೇಕಾದಾಗೆಲ್ಲ ನಾನು ಒಂದು ಗಂಟೆ ಬಿಡತೊಡಗಿದೆ. ನನ್ನ ಗಿರಾಕಿಗಳು ಯಾರೂ ಮತ್ತೆ ಹಡಗು ತಪ್ಪಿಸಿಕೊಳ್ಳಲಿಲ್ಲ. "ಅನುಭವಸ್ಥರು" ಎಂದು ಹೊಗಳುತ್ತಿದ್ದರು. ಆ ಅನುಭವದ ದಂಡವನ್ನು ಬೇರೆಯವರು ತೆತ್ತಿದ್ದರು.

ನಿವೃತ್ತನಾದ ಮೇಲೆ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ಮಗಳ ಮನೆಗೆ ಬಂದೆ. ಅಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋಗುವುದು ವಾಡಿಕೆ. ಒಂದು ಶಾಲೆಯ ಊಟದ ಹಾಲ್, ಪ್ರತಿ ಮನೆಯಿಂದ ಒಂದೊಂದು ಅಡುಗೆ. ಎರಡು ವರ್ಷದ ಹಿಂದಿನ ಊಟದಲ್ಲಿ ಹೋಳಿಗೆ ಬಡಿಸುತ್ತಿದ್ದವರು ಪದ್ಮಾವತಮ್ಮ. ನನ್ನ ತಟ್ಟೆಗೆ ಎರಡು ಹಾಕಿ ಪಕ್ಕದಲ್ಲೇ ಕೂತರು. ಶೇಷಾದ್ರಿಯವರಿಗೆ ಎಪ್ಪತ್ತು ತುಂಬುತ್ತದೆ, ಭೀಮರಥ ಶಾಂತಿಯನ್ನು ಆ ತಪ್ಪಿದ ಹಡಗಿನಲ್ಲೇ ಮಾಡುತ್ತೇವೆ ಎಂದರು.

"ಈ ಸುಮಾ ನೋಡಿ, ಕ್ಯಾಂಟನ್‌ನಲ್ಲಿ ಯಾರೋ ಗೀತಾ ಅಂತ ಮನೇಲೇ ಕೂತು ಟೂರ್ ಪ್ಲಾನ್ ಮಾಡಿಕೊಡ್ತಾರಂತೆ, ಅವರ ಹತ್ರ ಮಾಡ್ಸೋಣ ಅಂತಾಳೆ. ನಾನು ವಿಚಾರಿಸ್ದೆ. ಅವಳೇ! ಆ ಹದಿನೆಂಟು ನಿಮಿಷದವಳು. ನಮ್ಮ ಬಡಾವಣೇಲಿ ಎಲ್ಲರಿಗೂ ಹೇಳಿಬಿಟ್ಟಿದೀನಿ, ಅವಳ ಹತ್ರ ಹೋಗ್ಬೇಡಿ ಅಂತ."

ಗೀತಾ ಗಂಡನ ಕೆಲಸದ ಸಲುವಾಗಿ ಕ್ಯಾಂಟನ್‌ಗೆ ಬಂದದ್ದು ನನಗೆ ಗೊತ್ತಿತ್ತು. ಮಿಶಿಗನ್‌ನಲ್ಲೂ ಆ ಅಂಕಿ ಅವರ ಬೆನ್ನು ಹತ್ತಿದೆ ಎಂದು ಗೊತ್ತಿರಲಿಲ್ಲ. ಅವರ ಬಾಗಿಲಿಗೆ ಹೋಗಬೇಕಾದ ಗಿರಾಕಿಗಳು ನನ್ನ ಅರ್ಧ ವಾಕ್ಯದಿಂದ ಇನ್ನೂ ಹಿಂದಿರುಗುತ್ತಿದ್ದರು.

"ನಿಮ್ಮಂಥ ನೋಡಿ ಬಂದೋರು ಇದ್ದೂ ಹಾಗಾಯ್ತಲ್ಲ" ಎಂದರು ಪದ್ಮಾವತಮ್ಮ.

"ಅಮ್ಮಾ, ಆ ಹದಿನೆಂಟು ನಿಮಿಷ ನನ್ನದು" ಎಂದೆ. "ಗೀತಾ ನಾನು ಬರೆದದ್ದನ್ನೇ ಟೈಪ್ ಮಾಡಿದ್ರು. ತಪ್ಪು ಅವರ ಮೇಲೆ ಹಾಕ್ದೆ. ನಾನು ಇಟಲಿಗೆ ಹೋಗೇ ಇಲ್ಲ. ಇವತ್ತಿನವರೆಗೂ."

ಮೇಜಿನ ಆಚೆಯಿಂದ ಸುಮಾ, "ಅಂಕಲ್, ನೇರ ಮುಂದೆ ಅಂದ್ರಲ್ಲ!" ಎಂದಳು. ಹತ್ತು ವರ್ಷದ ನಂತರವೂ ಆ ಕೂಗು ಹಾಗೇ ಇತ್ತು. ಶೇಷಾದ್ರಿಯವರು ಮೊಸರನ್ನ ಕಲಸುವುದನ್ನು ನಿಲ್ಲಿಸಿ, "ಫೇಲ್ಯೂರ್ ರಿಪೋರ್ಟ್ ಹತ್ತು ವರ್ಷ ಲೇಟಾಗಿ ಬಂತು" ಎಂದರು.

ಪದ್ಮಾವತಮ್ಮ ಕೈ ಚಾಚಿ ನನ್ನ ತಟ್ಟೆಯಿಂದ ಎರಡೂ ಹೋಳಿಗೆ ಎತ್ತಿಕೊಂಡರು.

"ಮೊದ್ಲು ಗೀತಾಗೆ ಹೇಳಿ ಬನ್ನಿ. ಆಮೇಲೆ ತಿನ್ನೋರಂತೆ."

ಮಗಳು ಮರುದಿನ ನನ್ನನ್ನು ಕ್ಯಾಂಟನ್‌ಗೆ ಬಿಟ್ಟು ಕಾರಿನಲ್ಲೇ ಕಾದಳು. ಗೀತಾ ಬಾಗಿಲು ತೆಗೆದು, ಅಚ್ಚರಿಯನ್ನೂ ತೋರಿಸದೆ ಒಳಗೆ ಕರೆದರು. ನಾನು ಹೇಳಬೇಕೆಂದು ಕಲಿತುಕೊಂಡು ಹೋದದ್ದನ್ನೆಲ್ಲ ಹೇಳಿದೆ. ಅವರು ಒಳಗೆ ಹೋಗಿ ಒಂದು ಹಾಳೆ ತಂದು ಮುಂದಿಟ್ಟರು. ನನ್ನ ಕೈಬರಹ. ಹನ್ನೆರಡರ ನಂತರದ ರೈಲು, ಹದಿನೆಂಟು ನಿಮಿಷ, ಅಡಿಯಲ್ಲಿ ನಾನೇ ಎಳೆದ ಗೆರೆ.

"ಇದಿತ್ತಾ ನಿಮ್ಮ ಹತ್ರ? ಯಾಕೆ ತೋರಿಸ್ಲಿಲ್ಲ?"

"ತೋರಿಸೋಕೆ ಹೋದೆ. ಸಾಹೇಬ್ರು ಕಣ್ಣೆತ್ತಿ ನೋಡ್ಲಿಲ್ಲ. 'ಹಿರ್ಯಾರ ಮ್ಯಾಲ ಹೇಳಬ್ಯಾಡಮ್ಮಾ' ಅಂದ್ರು. ನೀವಿಲ್ದೆ ಅಂಗಡಿ ನಡೀತಿರ್ಲಿಲ್ಲ, ನಾನಿಲ್ದೆ ನಡೀತಿತ್ತು. ಅಷ್ಟೇ ಲೆಕ್ಕ."

"ಕ್ಷಮಿಸಿ ಅಂತ ಕೇಳೋಕೂ ನನಗೆ…"

"ಅದು ಗಿದು ಆಮೇಲೆ ನೋಡೋಣ ನಾಗರಾಜ್ ಅವರೇ. ಅವರು ನನ್ನ ಹತ್ರ ಮಾಡ್ಸಿದ್ರೆ ಮಾಡಿಕೊಡ್ತೀನಿ. ಒಂದೇ ಕಂಡೀಶನ್. ನೀವು ಜೊತೇಲಿ ಹೋಗ್ಬೇಕು, ಬಂದರಿನ ತನಕ. ನಾನು ಬರೆದಂಗೆ ನಡೆಸ್ಬೇಕು. ನಿಮ್ಮ ತಲೆ ಮಾತ್ರ ಓಡಿಸ್ಬೇಡಿ."

ನಾನು ಒಪ್ಪಿದೆ. ಪದ್ಮಾವತಮ್ಮನೂ ಒಪ್ಪಿದರು, ಅರ್ಧ ಮನಸ್ಸಿನಿಂದ. "ನೋಡೋಣ. ಹಡಗು ಹತ್ತಿದ್ರೆ ಅವಳ ಹೆಸ್ರು ನಾನೇ ಸರಿ ಮಾಡ್ತೀನಿ. ತಪ್ಪಿದ್ರೆ ಇಬ್ರಿಗೂ ಇದೆ" ಎಂದರು.

ಕಳೆದ ವರ್ಷ ಹೊರಟೆವು. ಗೀತಾ ಬರೆದುಕೊಟ್ಟದ್ದು ಎರಡೇ ಹಾಳೆ. ಈ ಕಸುಬಿನಲ್ಲಿ ನಾನು ಕಂಡ ಅತ್ಯುತ್ತಮ ಎರಡು ಹಾಳೆ ಅವು. ಶುಕ್ರವಾರದ ರಾಹುಕಾಲದ ಪ್ರಶ್ನೆ ಮತ್ತೆ ಬಂದಿತ್ತು. ಅದಕ್ಕೆ ಗೀತಾ ಬರೆದಿದ್ದರು: ಹತ್ತೂವರೆಗೆ ಮುಂಚೆ ತಾಳಿಯಿರುವ ಕೈಚೀಲವನ್ನು ಹೊಸಿಲು ದಾಟಿಸಿ, ಪರಸ್ಥಾನ ಇಟ್ಟಂತೆ. ನೀವೂ ಅದರ ಜೊತೆಗೇ ಹೊರಟು ಸ್ಟೇಷನ್ನಿನಲ್ಲಿ ಕಾಫಿ ಕುಡಿಯಿರಿ. ಹನ್ನೊಂದರ ರೈಲು ಹತ್ತಿ. ಹೊರಟದ್ದು ಒಳ್ಳೆಯ ಹೊತ್ತಿನಲ್ಲೇ ಆಯಿತಲ್ಲ.

ಕೆಟ್ಟ ಹೊತ್ತು ತಪ್ಪಿಸಲು ಬೇರೆ ರೈಲಿಗೆ ಓಡುವುದೊಂದೇ ದಾರಿ ಎಂದು ನಾನು ತಿಳಿದಿದ್ದೆ. ನಮ್ಮ ಅಜ್ಜಿಯರು ಊರಿಗೆ ಹೊರಡುವ ಮುನ್ನ ಒಂದು ಗಂಟನ್ನು ಪಕ್ಕದ ಮನೆಯ ಜಗುಲಿಯಲ್ಲಿಡುತ್ತಿದ್ದುದು ನನಗೆ ಹೊಳೆದಿರಲಿಲ್ಲ. ಪದ್ಮಾವತಮ್ಮ ಆ ಸಾಲನ್ನು ಎರಡು ಸಲ ಓದಿ, "ಬುದ್ಧಿ ಇದೆ ಅವಳಿಗೆ" ಎಂದರು. ಮೊದಲನೆಯ ಅಂಕ ಅಲ್ಲೇ ಬಿತ್ತು.

ಫ್ಲಾರೆನ್ಸ್‌ನಿಂದ ಹನ್ನೊಂದರ ರೈಲು ಸರಿಯಾಗಿ ಹೊರಟಿತು. ಕಿಟಕಿಯಾಚೆ ಸೈಪ್ರೆಸ್ ಮರಗಳು ಓಡುತ್ತಿದ್ದವು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ನನ್ನದೇ ಅಂಕಿಗಳ ಮೇಲೆ ಕೂತು ಹೋಗುತ್ತಿದ್ದೆ. ಅರ್ಧ ದಾರಿಯಲ್ಲಿ ರೈಲು ಬಯಲಿನ ನಡುವೆ ನಿಂತಿತು. ಮುಂದೆ ಹಳಿಯಲ್ಲಿ ಏನೋ ತೊಂದರೆ ಎಂದು ಘೋಷಣೆ. ಇಪ್ಪತ್ತು ನಿಮಿಷ, ಐವತ್ತು ನಿಮಿಷ. ಗೀತಾ ಬಿಟ್ಟಿದ್ದ ಬಿಡುವೆಲ್ಲ ಆ ಬಯಲಿನಲ್ಲಿ ಕರಗಿತು. ಒಂದೂಮುಕ್ಕಾಲು ಗಂಟೆಯ ನಂತರ ರೈಲು ಹೊರಟಾಗ ಹಡಗಿನ ಗೇಟು ಮುಚ್ಚುವುದರೊಳಗೆ ಬಂದರು ಮುಟ್ಟಿಸುವ ಲೋಕಲ್ ಒಂದೇ ಉಳಿದಿತ್ತು. ನಾವು ಟರ್ಮಿನಿ ಸೇರಿ ಹತ್ತು ನಿಮಿಷಕ್ಕೆ ಅದು ಹೊರಡುತ್ತಿತ್ತು. ಇಪ್ಪತ್ತೇಳನೆಯ ಪ್ಲಾಟ್‌ಫಾರಂನಿಂದ.

ಪದ್ಮಾವತಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಈ ಸಲ ಯಾರನ್ನೂ ಬೈಯಲಿಲ್ಲ. ಅದು ಇನ್ನೂ ಭಯ ಹುಟ್ಟಿಸಿತು.

ನಾನು ಎರಡನೆಯ ಹಾಳೆ ತೆಗೆದೆ. ಅದರ ಮೇಲೆ ಗೀತಾ ಬರೆದಿದ್ದರು: ರೈಲು ತಡವಾಗಿ, ಟರ್ಮಿನಿಯಲ್ಲಿ ಅರ್ಧ ಗಂಟೆಗಿಂತ ಕಡಿಮೆ ಉಳಿದರೆ ಅಲ್ಲಿಗೆ ಹೋಗಲೇಬೇಡಿ. ಅದಕ್ಕೆ ಮುಂಚಿನ ಸ್ಟೇಷನ್ ಟಿಬುರ್ಟಿನಾ, ಅಲ್ಲೇ ಇಳಿಯಿರಿ. ವಿಮಾನ ನಿಲ್ದಾಣದ ಲೋಕಲ್ ಅಲ್ಲಿಂದ ಕಾಲು ಗಂಟೆಗೊಂದು. ಅದು ಊರನ್ನು ಸುತ್ತಿ ಟ್ರಸ್ಟೆವೆರೆ ಎಂಬ ಸಣ್ಣ ಸ್ಟೇಷನ್‌ಗೆ ಹೋಗುತ್ತದೆ. ಟರ್ಮಿನಿಯಿಂದ ಹೊರಟ ಬಂದರಿನ ಲೋಕಲ್ ಕೂಡ ಅಲ್ಲಿಗೇ ಬರುತ್ತದೆ. ಅದನ್ನು ಅಲ್ಲಿ ಹಿಡಿಯಿರಿ. ಎರಡೂ ದಾರಿಗೆ ಆಗುವ ಟಿಕೆಟ್ ಕವರಿನಲ್ಲಿದೆ.

ಓಡುವ ರೈಲನ್ನು ಅದು ಹೊರಡುವಲ್ಲಿ ಹಿಡಿಯಲಾಗದಿದ್ದರೆ, ಅದು ಹಾದುಹೋಗುವಲ್ಲಿ ಹೋಗಿ ಕಾಯುವುದು! ಇಪ್ಪತ್ತಾರು ವರ್ಷ ನಕ್ಷೆಯ ಮೇಲೆ ಮೊಣಕೈ ಊರಿ ಕೂತವನಿಗೆ ಇದು ತೋಚಿರಲಿಲ್ಲ.

"ಎಲ್ರೂ ಏಳಿ. ಮುಂದಿನ ಸ್ಟೇಷನ್‌ನಲ್ಲಿ ಇಳೀಬೇಕು" ಎಂದೆ.

ಮೊಮ್ಮಗಳು ಅನನ್ಯಾ ಈಗ ಕಾಲೇಜು ಹುಡುಗಿ. ಫೋನ್ ಎತ್ತಿ ತೋರಿಸಿದಳು. "ಅಂಕಲ್, ನೋ! ದ ಆ್ಯಪ್ ಸೇಸ್ ಟರ್ಮಿನಿ. ದಿಸ್ ಈಸ್ ನಾಟ್ ಅವರ್ ಸ್ಟಾಪ್."

"ಆ್ಯಪ್‌ಗೆ ನಿಮ್ಮಜ್ಜಿ ನಡಿಗೆ ಗೊತ್ತಿಲ್ಲಮ್ಮ."

ಸುಮಾ ಸೀಟು ಬಿಟ್ಟು ಏಳಲಿಲ್ಲ. "ಅಂಕಲ್, ಹೋದ್ಸಲ ನೀವು ಹೇಳ್ದಂಗೆ ಕೇಳಿ ಏನಾಯ್ತು?"

"ಇದು ನಾನು ಹೇಳ್ತಿರೋದಲ್ಲ" ಎಂದು ಹಾಳೆಯನ್ನು ಅವಳ ಕೈಗೆ ಕೊಟ್ಟೆ. "ಗೀತಾ ಹೇಳಿರೋದು. ನಾನಿಲ್ಲಿಗೆ ಯಾವತ್ತೂ ಬಂದಿಲ್ಲ, ಟಿಬುರ್ಟಿನಾ ಹೇಗಿದೆ ಗೊತ್ತಿಲ್ಲ. ಇಳಿದ ತಕ್ಷಣ ಕೇಳೋಣ."

ಗೊತ್ತಿಲ್ಲ ಎನ್ನುವ ಮಾತು ಬಾಯಿಂದ ಬಂದಾಗ ಎಷ್ಟು ಹಗುರವಾಗಿತ್ತು ಎಂದರೆ, ಇದನ್ನು ಮೊದಲೇ ಯಾರಾದರೂ ಕಲಿಸಬಾರದಿತ್ತೇ ಅನ್ನಿಸಿತು. ಶೇಷಾದ್ರಿಯವರು ಹಾಳೆಯನ್ನು ಸೊಸೆಯ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ ಓದಿ, "ಬ್ಯಾಕಪ್ ಇದೆ. ಸರಿಯಾಗಿದೆ. ಇಳಿಯೋಣ" ಎಂದರು. ಅಷ್ಟೇ. ಒಂಬತ್ತು ಜನ ಎದ್ದರು.

ಟಿಬುರ್ಟಿನಾದಲ್ಲಿ ಇಳಿದದ್ದೇ ನಾನು ಮೊದಲು ಕಂಡ ಸಮವಸ್ತ್ರದ ಹೆಂಗಸಿಗೆ ಹಾಳೆ ತೋರಿಸಿ, "ಟ್ರಸ್ಟೆವೆರೆ?" ಎಂದೆ. ಆಕೆ ಎರಡು ಬೆರಳು ಎತ್ತಿ, ಆಮೇಲೆ ಒಂದು ಬೆರಳನ್ನು ಕೆಳಕ್ಕೆ ತೋರಿಸಿದಳು. ಎರಡನೆಯ ಪ್ಲಾಟ್‌ಫಾರಂ, ಲಿಫ್ಟಿನಲ್ಲಿ ಕೆಳಗೆ. ಟಿಕೆಟ್‌ಗಳಿಗೆ ಯಂತ್ರದಲ್ಲಿ ಒಂದೊಂದಾಗಿ ಮುದ್ರೆ ಒತ್ತಿಸಿದೆ. ಹತ್ತನೆಯದು ನನ್ನದು. ಪದ್ಮಾವತಮ್ಮನ ಕಡೆ ತಿರುಗಿ, "ನಿಧಾನ ಅಮ್ಮಾ, ಮಂಡಿ" ಎಂದೆ.

"ಎರಡೂ ಮಂಡಿ ಹೊಸದು, ಡೆಟ್ರಾಯಿಟ್‌ನಲ್ಲಿ ಹಾಕ್ಸಿದ್ದು. ನೀವು ದಾರಿ ಬಿಡಿ ಸಾಕು!" ಎಂದು ಅವರು ನನ್ನನ್ನು ದಾಟಿ ಹೋದರು.

ಲೋಕಲ್ ಬಂತು. ಸೀಟ್ ನಂಬರ್ ಇಲ್ಲ, ಬೋಗಿ ಸಂಖ್ಯೆ ಇಲ್ಲ. ಕೆಲಸದಿಂದ ಮನೆಗೆ ಹೋಗುವವರು, ತರಕಾರಿ ಚೀಲದವರು, ನಿಂತೇ ನಿದ್ದೆ ಮಾಡುವವರು. ನಮ್ಮ ಸೂಟ್‌ಕೇಸುಗಳನ್ನು ಯಾರೋ ಇಬ್ಬರು ಕೇಳದೆಯೇ ಎತ್ತಿಕೊಟ್ಟರು. ಒಬ್ಬ ಅಜ್ಜಿ ಸರಿದು ಪದ್ಮಾವತಮ್ಮನಿಗೆ ಜಾಗ ಕೊಟ್ಟಳು. ಸುಮಾ ನನ್ನ ಕಿವಿಯ ಹತ್ತಿರ, "ಅಂಕಲ್, ನೀವು ನಮಗೆ ಯಾವಾಗ್ಲೂ ಇದನ್ನೇ ಹಾಕ್ಬಹುದಿತ್ತು" ಎಂದಳು. ಹೌದು, ಹಾಕಬಹುದಿತ್ತು.

ಟ್ರಸ್ಟೆವೆರೆಯಲ್ಲಿ ಏಳು ನಿಮಿಷ ಉಳಿದಿತ್ತು. ಒಂದು ಸುರಂಗ ಇಳಿದು ಹತ್ತಬೇಕು. ಸೂಟ್‌ಕೇಸುಗಳನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು, ಮದುವೆ ಮನೆಯಲ್ಲಿ ಬಾಳೆಲೆ ದಾಟಿಸಿದ ಹಾಗೆ. ಕೊನೆಯದು ಮೇಲೆ ಬಂದಾಗ ಇನ್ನೂ ಎರಡು ನಿಮಿಷ ಇತ್ತು. ಬಂದರಿನ ಲೋಕಲ್ ತಿರುವಿನಲ್ಲಿ ಕಾಣಿಸಿತು. ಟರ್ಮಿನಿಯ ಇಪ್ಪತ್ತೇಳನೆಯ ಪ್ಲಾಟ್‌ಫಾರಂನಿಂದ ನಮ್ಮನ್ನು ಬಿಟ್ಟು ಹೊರಟಿದ್ದ ಅದೇ ರೈಲು ಈಗ ನಮ್ಮ ಮುಂದೆ ಬಂದು ನಿಂತು ಬಾಗಿಲು ತೆರೆಯಿತು. ಅನನ್ಯಾ "ಓ ಮೈ ಗಾಡ್, ಇಟ್ ವ‌ರ್ಕ್ಡ್!" ಎಂದು ಕುಣಿದಳು. ಎಪ್ಪತ್ತರ ಶೇಷಾದ್ರಿಯವರು ಯಾರೂ ನಿರೀಕ್ಷಿಸದಂತೆ ಒಂದು ಸಿಳ್ಳೆ ಹಾಕಿದರು.

ಬಂದರು ಮುಟ್ಟಿದಾಗ ಗೇಟು ಮುಚ್ಚಲು ಹದಿನೈದು ನಿಮಿಷ ಬಾಕಿ. ಬಿಳಿ ಅಂಗಿಯವನೊಬ್ಬ ಕೈ ಬೀಸಿ ಬೇಗ ಬೇಗ ಎನ್ನುತ್ತಿದ್ದ. ಎಂಟು ಜನ ಒಳಗೆ ಹೋದರು. ಪದ್ಮಾವತಮ್ಮ ಮಾತ್ರ ಗೇಟಿನ ಈಚೆಗೆ ನಿಂತರು.

"ಫೋನ್ ಕೊಡಿ."

"ಅಮ್ಮಾ, ಹತ್ತಿಬಿಡಿ, ಆಮೇಲೆ…"

"ಕೊಡಿ ಅಂದೆ."

ನಾನು ಗೀತಾರ ನಂಬರ್ ಒತ್ತಿ, ಸ್ಪೀಕರ್ ಹಾಕಿ ಕೊಟ್ಟೆ. ಕ್ಯಾಂಟನ್‌ನಲ್ಲಿ ಬೆಳಗ್ಗೆ. ಒಂದೇ ರಿಂಗ್‌ಗೆ ಎತ್ತಿದರು. ಫೋನಿನ ಪಕ್ಕದಲ್ಲೇ ಕೂತಿದ್ದರೆಂದು ತೋರುತ್ತದೆ.

"ಗೀತಾ, ನಾನು ಪದ್ಮಾವತಿ. ಗೇಟಲ್ಲಿದೀನಿ. ನಿನ್ನ ಎರಡನೇ ಹಾಳೆ ನಮ್ಮನ್ನ ತಂದು ಬಿಡ್ತು ಕಣಮ್ಮ. ಹತ್ತು ವರ್ಷ ನಿನ್ನ ಹೆಸ್ರನ್ನ ನಾನು ಎಲ್ಲೆಲ್ಲಿ ಕೆಡಿಸಿದೀನೋ ಅಲ್ಲೆಲ್ಲ ಹೋಗಿ ನಾನೇ ಸರಿ ಮಾಡ್ತೀನಿ. ಒಂದು ಮನೇನೂ ಬಿಡಲ್ಲ."

ಆ ಕಡೆಯಿಂದ ಗೀತಾರ ದನಿ, ನಗು ಬೆರೆತು:

"ಅಮ್ಮಾ, ಮೊದ್ಲು ಹಡಗು ಹತ್ತಿ! ತಪ್ಪಿದ್ರೆ ಮತ್ತೆ ನನ್ನನ್ನೇ ಬೈತೀರಿ."

ಪದ್ಮಾವತಮ್ಮ ಜೋರಾಗಿ ನಕ್ಕು, ಫೋನನ್ನು ನನ್ನ ಕೈಗೆ ತುರುಕಿ, ಸೀರೆಯ ನೆರಿಗೆ ಎತ್ತಿ ಹಿಡಿದು ಗೇಟು ದಾಟಿದರು. ಬಿಳಿ ಅಂಗಿಯವನು ಸರಪಳಿ ಹಾಕಿದ. ನನಗೆ ಹಡಗಿನ ಟಿಕೆಟ್ ಇರಲಿಲ್ಲ, ಬಂದರಿನ ತನಕ ಎಂದೇ ಒಪ್ಪಂದ. ಫೋನ್ ಇನ್ನೂ ಚಾಲೂ ಇತ್ತು.

"ನಾಗರಾಜ್ ಅವರೇ, ಹತ್ತಿದ್ರಾ?"

"ಹತ್ತಿದ್ರು."

"ಒಂಬತ್ತೂ ಜನ?"

"ಒಂಬತ್ತೂ ಜನ. ಅನನ್ಯಾ ಮೇಲಿಂದ ಕೈ ಬೀಸ್ತಿದಾಳೆ. ತಾಳಿ ಚೀಲ ಅಮ್ಮನ ಹೆಗಲ ಮೇಲೇ ಇದೆ."

"ಸರಿ" ಎಂದರು ಗೀತಾ. "ಬೆಳಗ್ಗೆ ನಾಲ್ಕಕ್ಕೆ ಎದ್ದಿದೀನಿ, ಇನ್ನೂ ಕಾಫಿ ಕುಡಿದಿಲ್ಲ. ಈಗ ಕುಡೀತೀನಿ. ನೀವೂ ಎಲ್ಲಾದ್ರೂ ಕೂತು ಒಂದು ಕಾಫಿ ಕುಡೀರಿ, ಹೋಗಿ."